ಹಾರ್ವರ್ಡ್ ಎಂಬಿಎಗೇ ಕೆಲಸ ಸಿಗ್ತಿಲ್ಲ ಅಂದ್ರೆ ನಮ್ಮೂರ ಎಂಬಿಎ ಗತಿ ಏನು?

2025ರ ಜನವರಿಯಲ್ಲಿ ಅಮೆರಿಕದಿಂದ ಒಂದು ಸುದ್ದಿ ಬಂತು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ 2024ರಲ್ಲಿ ಎಂಬಿಎ ಮುಗಿಸಿ ಕೆಲಸ ಹುಡುಕ್ತಿದ್ದವರಲ್ಲಿ 23% ಜನಕ್ಕೆ ಮೂರು ತಿಂಗಳು ಕಳೆದ್ರೂ ಕೆಲಸ ಸಿಕ್ಕಿರಲಿಲ್ಲ, 2022ರಲ್ಲಿ ಇದೇ ಲೆಕ್ಕ 10% ಇತ್ತು ಅಂತ. ನಮ್ಮಲ್ಲಿ ಇದು ವಾಟ್ಸಾಪ್‌ಗೆ ಬರೋ ಹೊತ್ತಿಗೆ "ಎಂಬಿಎ ಕಾಲ ಮುಗೀತು" ಅಂತ ಆಗಿತ್ತು. ಆದ್ರೆ ಅದಕ್ಕೆ ಎರಡು ತಿಂಗಳ ಹಿಂದೆ ತಾನೇ ನಡೆದಿದ್ದ, ಐಐಎಂಗಳಿಗೆ ಸೇರೋಕೆ ಬರೆಯೋ ಕ್ಯಾಟ್ ಪರೀಕ್ಷೆಗೆ 3.29 ಲಕ್ಷ ಜನ ಹೆಸರು ನೋಂದಾಯಿಸಿ, 2.93 ಲಕ್ಷ ಜನ ಬರೆದಿದ್ರು. ಕೋರ್ಸಿಗೆ ಬೆಲೆ ಇಲ್ಲ ಅನ್ನೋದು ನಿಜ ಆದ್ರೆ ಇಷ್ಟೊಂದು ಜನ ಯಾಕೆ ಓಡ್ತಿದಾರೆ, ಬೆಲೆ ಇದೆ ಅನ್ನೋದು ನಿಜ ಆದ್ರೆ ಹಾರ್ವರ್ಡ್‌ನವರೇ ಯಾಕೆ ಮನೇಲಿ ಕೂತಿದ್ರು? ಮಗನನ್ನೋ ಮಗಳನ್ನೋ ಎಂಬಿಎಗೆ ಕಳಿಸೋಕೆ ಹೊರಟಿರೋ ಮನೆಗಳಲ್ಲಿ ಈ ಗೊಂದಲ ಇರೋದು ಸಹಜ.

ಮೊದಲು ಆ ಸುದ್ದಿಯನ್ನೇ ಸರಿಯಾಗಿ ಓದೋಣ. 23% ಅನ್ನೋದು ಇಡೀ ಬ್ಯಾಚಿನ ಲೆಕ್ಕ ಅಲ್ಲ, ಕೆಲಸ ಹುಡುಕ್ತಿದ್ದವರ ಲೆಕ್ಕ ಮಾತ್ರ. ಸ್ವಂತ ಕಂಪನಿ ಶುರು ಮಾಡಿದವರು, ಹಳೇ ಕಂಪನಿಗೇ ವಾಪಸ್ ಹೋದವರು ಇದರಲ್ಲಿ ಇಲ್ಲ. ಇನ್ನೊಂದು, 2022 ಅನ್ನೋದೇ ಮಾಮೂಲಿ ವರ್ಷ ಆಗಿರಲಿಲ್ಲ. ಕೋವಿಡ್ ಆದ್ಮೇಲೆ ಟೆಕ್ ಕಂಪನಿಗಳು, ಕನ್ಸಲ್ಟಿಂಗ್ ಕಂಪನಿಗಳು ಬೇಕಾದ್ದಕ್ಕಿಂತ ಜಾಸ್ತಿ ಜನ ತಗೊಂಡ್ವು, ಆಮೇಲೆ ಬಡ್ಡಿದರ ಏರಿತು, ಹೂಡಿಕೆ ಬಿಗಿಯಾಯ್ತು, ತಗೊಂಡವರನ್ನೇ ಕಳಿಸೋ ಪರಿಸ್ಥಿತಿ ಬಂತು, ಹೊಸಬರಿಗೆ ಬಾಗಿಲು ಅರ್ಧ ಮುಚ್ಚಿತು. ಅಂದ್ರೆ ಈ ಸುದ್ದಿಯಲ್ಲಿ ಒಂದು ಪಾಲು ಮಾರ್ಕೆಟ್ಟಿನ ಏರಿಳಿತದ್ದು, ಅದು ಬರತ್ತೆ ಹೋಗತ್ತೆ. ಇನ್ನೊಂದು ಪಾಲು ಹಾಗೆ ಹೋಗೋದಲ್ಲ. ಎರಡು ವರ್ಷ ಕ್ಲಾಸಲ್ಲಿ ಕಲಿತಿದ್ದು ಆಫೀಸಿನ ಟೇಬಲ್ ಮೇಲೆ ಕೆಲಸಕ್ಕೆ ಬರತ್ತಾ, ಬರೋದಾದ್ರೆ ಯಾವ ದಾರಿಯಿಂದ ಬರತ್ತೆ ಅನ್ನೋ ಪ್ರಶ್ನೆ ಅದು. ಹಾರ್ವರ್ಡ್‌ಗಿಂತ ಜಾಸ್ತಿ ನಮ್ಮ ಜಿಲ್ಲೆ ತಾಲ್ಲೂಕುಗಳ ಎಂಬಿಎ ಕಾಲೇಜುಗಳಿಗೆ ಬೇಕಾಗಿರೋ ಪ್ರಶ್ನೆ.

ಕ್ಲಾಸಲ್ಲಿ ನಿಜವಾಗಿ ನಡೆಯೋದೇನು

ಎಂಬಿಎ ಪಾಠದಲ್ಲಿ ಎರಡು ಥರ ಇದೆ. ಒಂದು ನಮಗೆಲ್ಲ ಗೊತ್ತಿರೋದು, ಮೇಷ್ಟ್ರು ಸ್ಲೈಡ್ ಹಾಕ್ತಾರೆ, ಮಾರ್ಕೆಟಿಂಗ್‌ನ ನಾಲ್ಕು 'ಪಿ' ಯಾವುವು ಅಂತ ಹೇಳ್ತಾರೆ, ಸ್ಟೂಡೆಂಟ್ ಬರ್ಕೋತಾನೆ, ಪರೀಕ್ಷೇಲಿ ವಾಪಸ್ ಬರೀತಾನೆ. ಇನ್ನೊಂದು ಕೇಸ್ ಮೆಥಡ್. ಹಾರ್ವರ್ಡ್‌ನವರು 1920ರ ದಶಕದಲ್ಲಿ ಬೆಳೆಸಿದ್ದು, ಕಾನೂನು ಕಾಲೇಜುಗಳಲ್ಲಿ ಹಳೇ ತೀರ್ಪು ಇಟ್ಕೊಂಡು ಕಲಿಸೋದನ್ನ ನೋಡಿ ಬಿಸಿನೆಸ್ಸಿಗೂ ತಂದಿದ್ದು. 1961ರಲ್ಲಿ ಐಐಎಂ ಅಹ್ಮದಾಬಾದ್ ಶುರುವಾದಾಗ ಹಾರ್ವರ್ಡ್ ಸಹಕಾರ ಇತ್ತು, ಹಾಗಾಗಿ ಈ ಪದ್ಧತಿ ಭಾರತಕ್ಕೂ ಬಂತು. ಒಂದು ಕಂಪನಿ ಯಾವುದೋ ಕವಲುದಾರೀಲಿ ನಿಂತಿರತ್ತೆ, ಹತ್ತಿಪ್ಪತ್ತು ಪುಟದಲ್ಲಿ ಅದರ ಕಥೆ, ಅಂಕಿ ಸಂಖ್ಯೆ ಎಲ್ಲ ಕೊಟ್ಟಿರ್ತಾರೆ, ಉತ್ತರ ಮಾತ್ರ ಕೊಟ್ಟಿರಲ್ಲ. ಮೇಷ್ಟ್ರು ಇದ್ದಕ್ಕಿದ್ದ ಹಾಗೆ ಒಬ್ಬರ ಕಡೆ ಕೈ ತೋರಿಸಿ "ನೀವಾಗಿದ್ರೆ ಏನ್ ಮಾಡ್ತಿದ್ರಿ?" ಅಂತ ಕೇಳ್ತಾರೆ.

ನಮ್ಮ ಕಣ್ಣೆದುರಿನ ಉದಾಹರಣೆ ಒಂದು ತಗೊಳ್ಳೋಣ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನ ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದ್ರು. ಕನ್ನಡದ ನಟಿ ಯಾಕೆ ಬೇಡ ಆದ್ರು ಅಂತ ದೊಡ್ಡ ಗಲಾಟೆ ಆಯ್ತು, ಕರ್ನಾಟಕದ ಆಚೆ ಮಾರ್ಕೆಟ್ ಹಿಡೀಬೇಕು ಅದಕ್ಕೇ ಅಂತ ಸಚಿವ ಎಂ.ಬಿ. ಪಾಟೀಲ್ ಸಮರ್ಥಿಸ್ಕೊಂಡ್ರು. ಭಾಷೆಯ ಪ್ರಶ್ನೆ ಅದರದ್ದೇ ತೂಕದ್ದು, ಅದನ್ನ ಹಗುರ ಮಾಡೋದು ಬೇಡ. ಆದ್ರೆ ಇದನ್ನೇ ಒಳ್ಳೇ ಎಂಬಿಎ ಕ್ಲಾಸಿಗೆ ತಂದ್ರೆ ಚರ್ಚೆ ಇನ್ನೂ ಎರಡು ಹೆಜ್ಜೆ ಮುಂದೆ ಹೋಗತ್ತೆ. ವರ್ಷಕ್ಕೆ 3.1 ಕೋಟಿ ಖರ್ಚು ಆಯ್ತಲ್ಲ, ಅದು ವಾಪಸ್ ಬರೋಕೆ ಎಷ್ಟು ಸೋಪು ಜಾಸ್ತಿ ಮಾರಬೇಕು? ಜಾಸ್ತಿ ಮಾರಿದ ಪ್ರತಿ 100 ರೂಪಾಯಿಗೆ 20 ರೂಪಾಯಿ ಉಳಿಯತ್ತೆ ಅಂತ ಸುಮ್ನೆ ಇಟ್ಕೊಳ್ಳಿ, ಆಗ ವರ್ಷಕ್ಕೆ ಹದಿನೈದೂವರೆ ಕೋಟಿಯ ಹೆಚ್ಚುವರಿ ಮಾರಾಟ ಆದ್ರೆ ರಾಯಭಾರಿಯ ದುಡ್ಡು ಮಾತ್ರ ಹುಟ್ಟತ್ತೆ, ಟಿವಿ, ಮೊಬೈಲ್‌ಗಳಲ್ಲಿ ಆ ಜಾಹೀರಾತು ಓಡಿಸೋ ಖರ್ಚು ಬೇರೆ. ಸರಿ, ಜಾಹೀರಾತು ನೋಡಿ ಲಖನೌದಲ್ಲಿ ಒಬ್ಬಾಕೆ ಅಂಗಡಿಗೆ ಹೋಗಿ ಸೋಪು ಕೇಳಿದ್ಲು ಅಂತಾನೇ ಇಟ್ಕೊಳ್ಳಿ, ಅಂಗಡೀಲಿ ಸೋಪೇ ಇಲ್ಲ ಅಂದ್ರೆ? ಹಾಗಾದ್ರೆ ಮೊದಲು ದುಡ್ಡು ಹಾಕಬೇಕಾಗಿದ್ದು ಮುಖದ ಮೇಲಾ, ಡಿಸ್ಟ್ರಿಬ್ಯೂಟರ್ ಜಾಲದ ಮೇಲಾ? ಈ ಥರ ಒಂದರ ಹಿಂದೆ ಒಂದು ಪ್ರಶ್ನೆ ಎತ್ತೋದನ್ನ, ಅರ್ಧಂಬರ್ಧ ಮಾಹಿತಿ ಇಟ್ಕೊಂಡು ತೀರ್ಮಾನ ಮಾಡೋದನ್ನ, ಮಾಡಿದ ತೀರ್ಮಾನವನ್ನ ಅರವತ್ತು ಜನರ ಮುಂದೆ ಸಮರ್ಥಿಸೋದನ್ನ ಕೇಸ್ ಮೆಥಡ್ ಕಲಿಸತ್ತೆ. ಆಫೀಸಿನ ಮೀಟಿಂಗ್‌ಗಳಲ್ಲಿ ಬೇಕಾಗೋದು ಬಹುಪಾಲು ಇದೇ ಅಭ್ಯಾಸ.

ಆದ್ರೆ ಕೇಸಿಗೆ ಒಂದು ಮಿತಿ ಇದೆ. ಕೇಸಿನಲ್ಲಿ ಬೇಕಾದ ಮಾಹಿತಿಯನ್ನ ಬೇರೆ ಯಾರೋ ಆಗಲೇ ಹೆಕ್ಕಿ, ತೊಳೆದು, ಟೇಬಲ್ ಮಾಡಿ ಕೊಟ್ಟಿರ್ತಾರೆ. ಕೆಲಸದ ಜಾಗದಲ್ಲಿ ಮಾಹಿತಿ ಹೊರಗೆ ತೆಗೆಯೋದೇ ಅರ್ಧ ಕೆಲಸ, ಸೇಲ್ಸ್‌ನವರು ಕೊಡೋ ಲೆಕ್ಕಕ್ಕೂ ಗೋಡೌನ್‌ನವರು ಕೊಡೋ ಲೆಕ್ಕಕ್ಕೂ ತಾಳೆ ಆಗಲ್ಲ, ಅಕೌಂಟ್ಸ್‌ನವರು ಮೂರನೇ ಲೆಕ್ಕ ಹೇಳ್ತಾರೆ. ಮತ್ತೆ ಕ್ಲಾಸಲ್ಲಿ ತೀರ್ಮಾನ ತಪ್ಪಾದ್ರೆ ಗಂಟೆ ಹೊಡೆದ್ಮೇಲೆ ಎಲ್ಲರೂ ಕ್ಯಾಂಟೀನಿಗೆ ಹೋಗ್ತಾರೆ, ಯಾರ ಸಂಬಳವೂ ನಿಲ್ಲಲ್ಲ.

ನೂರು ವರ್ಷದಿಂದ ಆ ಕಡೆ ಈ ಕಡೆ

ಈ ಮಿತಿ ಹೊಸದಾಗಿ ಕಂಡುಹಿಡಿದಿದ್ದೇನೂ ಅಲ್ಲ. ಹಾರ್ವರ್ಡ್‌ನ ಬಿಸಿನೆಸ್ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ಆಮೇಲಿನ ದಶಕಗಳಲ್ಲಿ ಅಮೆರಿಕದ ತುಂಬ ಇಂಥ ಕಾಲೇಜುಗಳು ಹುಟ್ಟಿದ್ವು, ಇವು ಬರೀ ಕಸುಬು ಕಲಿಸೋ ಜಾಗ, ಇದರಲ್ಲಿ ವಿದ್ಯೆ ಇಲ್ಲ ಅಂತ 1959ರಲ್ಲಿ ಫೋರ್ಡ್ ಫೌಂಡೇಶನ್, ಕಾರ್ನೆಗಿ ಕಾರ್ಪೊರೇಶನ್ ಮಾಡಿಸಿದ ಎರಡು ವರದಿಗಳು ಕಟುವಾಗಿ ಹೇಳಿದ್ವು. ಅದಕ್ಕೆ ಕಾಲೇಜುಗಳು ಗಣಿತ, ಅರ್ಥಶಾಸ್ತ್ರ, ಸಂಶೋಧನೆ ಕಡೆ ವಾಲಿದ್ವು, ಮೇಷ್ಟ್ರುಗಳ ಪ್ರಮೋಶನ್ ಪೇಪರ್ ಪ್ರಕಟಣೆ ಮೇಲೆ ನಿಂತಿತು, ಫ್ಯಾಕ್ಟರಿ ಕಂಡವರು ಕಡಿಮೆ ಆದ್ರು. 2000ದ ನಂತರ ಮತ್ತೆ ಉಲ್ಟಾ ಟೀಕೆ, ನಿಮ್ಮ ಹುಡುಗರಿಗೆ ಥಿಯರಿ ಗೊತ್ತು ಕೆಲಸ ಗೊತ್ತಿಲ್ಲ ಅಂತ. 2011ರಲ್ಲಿ ಹಾರ್ವರ್ಡೇ ತನ್ನ ಕೋರ್ಸಿಗೆ ಫೀಲ್ಡ್ ಅನ್ನೋ ಭಾಗ ಸೇರಿಸಿ ಮೊದಲ ವರ್ಷದ ಸ್ಟೂಡೆಂಟ್‌ಗಳನ್ನ ಬೇರೆ ದೇಶಗಳ ಕಂಪನಿಗಳಿಗೆ ಕೆಲಸಕ್ಕೆ ಕಳಿಸೋಕೆ ಶುರು ಮಾಡ್ತು.

ನಮ್ಮ ಐಐಎಂ ಬೆಂಗಳೂರಿನ ಹುಟ್ಟಿನಲ್ಲೂ ಕೆಲಸದ ನಂಟು ಇದೆ. 1973ರಲ್ಲಿ ಅದು ಶುರುವಾದಾಗ ಸಾರ್ವಜನಿಕ ವಲಯಕ್ಕೆ ಮ್ಯಾನೇಜರ್‌ಗಳನ್ನ ತಯಾರು ಮಾಡೋದು ಒಂದು ಮುಖ್ಯ ಉದ್ದೇಶ ಆಗಿತ್ತು, ಸುತ್ತಮುತ್ತ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಎಲ್ಲ ಇದ್ವಲ್ಲ. 1991ರ ನಂತರ ಆರ್ಥಿಕತೆ ತಿರುಗಿತು, ಕ್ಯಾಂಪಸ್ಸಿಗೆ ಬರೋ ಕಂಪನಿಗಳೂ ಬದಲಾದ್ವು, ಎಲ್ಲಿಗೆ ಕೆಲಸಕ್ಕೆ ಹೋಗ್ತಾರೆ ಅನ್ನೋದರ ಮೇಲೆ ಏನು ಕಲೀತಾರೆ ಅನ್ನೋದೂ ಬದಲಾಯ್ತು.

ಮೂರು ವಾದ

ಈಗ ಇರೋ ಜಗಳದಲ್ಲಿ ಮೂರು ಕಡೆ ಇದೆ. ಮೊದಲನೇದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹೆನ್ರಿ ಮಿಂಟ್ಸ್‌ಬರ್ಗ್ ಅವರದ್ದು. ಮ್ಯಾನೇಜ್‌ಮೆಂಟ್ ಅನ್ನೋದು ಮಾಡಿ ಮಾಡಿ ಬರೋ ಕಸುಬು, ಕೆಲಸವನ್ನೇ ಮಾಡದ ಇಪ್ಪತ್ತೆರಡು ಇಪ್ಪತ್ಮೂರು ವರ್ಷದವರನ್ನ ಕ್ಲಾಸಲ್ಲಿ ಕೂರಿಸಿ ಮ್ಯಾನೇಜರ್ ಮಾಡೋಕಾಗಲ್ಲ, ಈಗಾಗಲೇ ಮ್ಯಾನೇಜರ್ ಆಗಿರೋರನ್ನ ಕರೆದು ಅವರ ಅನುಭವದ ಮೇಲೇ ಪಾಠ ಕಟ್ಟಬೇಕು ಅನ್ನೋದು ಅವರ ನಿಲುವು. ಬರೀ ಹೇಳಿ ಬಿಡಲಿಲ್ಲ, 1996ರಲ್ಲಿ ಅಂಥದ್ದೇ ಒಂದು ಕೋರ್ಸನ್ನ ಹಲವು ದೇಶಗಳ ಕಾಲೇಜುಗಳ ಜೊತೆ ಸೇರಿ ಶುರು ಮಾಡಿದ್ರು, ಅದರಲ್ಲಿ ಐಐಎಂ ಬೆಂಗಳೂರೂ ಪಾಲುದಾರ ಆಗಿತ್ತು.

ಎರಡನೇದು ಬಿಸಿನೆಸ್ ಸ್ಕೂಲ್‌ಗಳ ವಾದ. ಅನುಭವ ಒಂದೇ ಸಾಕಾಗಿದ್ರೆ ಇಪ್ಪತ್ತು ವರ್ಷ ಅಂಗಡಿ ಇಟ್ಟವರೆಲ್ಲ ಹತ್ತು ಅಂಗಡಿ ಮಾಡಿರ್ತಿದ್ರು, ಒಂದು ಬ್ಯಾಲೆನ್ಸ್ ಶೀಟ್ ಓದೋಕೆ, ಒಂದು ಲೆಕ್ಕಾಚಾರದ ಹಿಂದಿನ ಊಹೆ ಎಲ್ಲಿ ತಪ್ಪಿದೆ ಅಂತ ಹಿಡಿಯೋಕೆ ಕಲಿಕೆ ಬೇಕೇ ಬೇಕು, ಅದನ್ನ ಕೆಲಸದ ಒತ್ತಡದಲ್ಲಿ ಯಾರೂ ಕೂರಿಸಿ ಹೇಳ್ಕೊಡಲ್ಲ ಅಂತ ಅವರು ಹೇಳ್ತಾರೆ. ಇದರಲ್ಲಿ ಹುರುಳಿದೆ.

ಮೂರನೇದು ಸ್ವಲ್ಪ ಕಹಿ. ಮೈಕೆಲ್ ಸ್ಪೆನ್ಸ್ ಅನ್ನೋ ಅರ್ಥಶಾಸ್ತ್ರಜ್ಞರು 1973ರಲ್ಲಿ ಒಂದು ಮಾತು ಹೇಳಿದ್ರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಡಿಗ್ರಿಯಿಂದ ಏನೂ ಕಲಿಯದೇ ಇದ್ರೂ ಅದಕ್ಕೆ ಬೆಲೆ ಇರಬಹುದು, ಯಾಕಂದ್ರೆ ಕಷ್ಟದ ಡಿಗ್ರಿ ಪಡೆದವನು ಸಮರ್ಥ ಅನ್ನೋ ಗುರುತನ್ನ ಅದು ಕಂಪನಿಗೆ ಕೊಡತ್ತೆ ಅಂತ. ಈ ಲೆಕ್ಕದಲ್ಲಿ ನೋಡಿದ್ರೆ ಐಐಎಂ ಮುಂದೆ ಕಂಪನಿಗಳು ಸಾಲು ನಿಲ್ಲೋದು ಅಲ್ಲಿನ ಪಾಠಕ್ಕಿಂತ ಕ್ಯಾಟ್ ಅನ್ನೋ ಜರಡಿಯನ್ನ ನಂಬಿ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ನಮ್ಮ ಹುಡುಗರ ಕಷ್ಟ ಅರ್ಥ ಆಗತ್ತೆ. ಐಐಎಂ ಸ್ಟೂಡೆಂಟಿಗೆ ಪಾಠ ಅರ್ಧ ತಲೆಗೆ ಹೋಗದೇ ಇದ್ರೂ ಜರಡಿಯ ಗುರುತು ಕೈ ಹಿಡಿಯತ್ತೆ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಊರ ಹತ್ರದ ಕಾಲೇಜಿಗೆ ಸೇರೋ ಹುಡುಗಿಗೆ ಆ ಗುರುತಿನ ಆಸರೆ ಇಲ್ಲ, ಅವಳಿಗೆ ನಿಜವಾಗಿ ಕಲಿತಿದ್ದು ಮಾತ್ರ ಆಸ್ತಿ. ಅಂದ್ರೆ ಕ್ಲಾಸಿಗೂ ಕೆಲಸಕ್ಕೂ ಇರೋ ಕೊಂಡಿ ಯಾರಿಗೆ ಅತಿ ಗಟ್ಟಿಯಾಗಿ ಬೇಕೋ ಅವರ ಕಾಲೇಜಿನಲ್ಲೇ ಅದು ಅತಿ ಸಡಿಲ. ಇದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಅನ್ಯಾಯ ಅನಿಸೋ ಭಾಗ.

ಕೊಂಡಿ ಬೀಳೋದು ಇಂಟರ್ನ್‌ಶಿಪ್‌ನಲ್ಲಿ

ಮೊದಲ ವರ್ಷಕ್ಕೂ ಎರಡನೇ ವರ್ಷಕ್ಕೂ ನಡುವೆ ದೊಡ್ಡ ಕಾಲೇಜುಗಳಲ್ಲಿ ಎಂಟು ಹತ್ತು ವಾರ ಸಮ್ಮರ್ ಇಂಟರ್ನ್‌ಶಿಪ್ ಇರತ್ತೆ, ಯೂನಿವರ್ಸಿಟಿ ಕಾಲೇಜುಗಳಲ್ಲಿ ಇದು ಆರ್ಗನೈಸೇಶನ್ ಸ್ಟಡಿ, ಪ್ರಾಜೆಕ್ಟ್ ವರ್ಕ್ ಅನ್ನೋ ಹೆಸರಲ್ಲಿ ಇರತ್ತೆ. ಕಲಿತ ಸೂತ್ರ ಮೊದಲ ಸಲ ಜೀವಂತ ಮನುಷ್ಯರಿಗೆ ತಾಗೋದು ಇಲ್ಲೇ.

ಹೇಗೆ ತಾಗತ್ತೆ ಅಂತ ಸ್ವಲ್ಪ ವಿವರವಾಗಿ ನೋಡೋಣ. ಫೈನಾನ್ಸ್ ಕ್ಲಾಸಲ್ಲಿ ವರ್ಕಿಂಗ್ ಕ್ಯಾಪಿಟಲ್ ಸೈಕಲ್ ಅಂತ ಕಲಿಸ್ತಾರೆ, ಸರಕು ಎಷ್ಟು ದಿನ ಗೋಡೌನಲ್ಲಿ ಇರತ್ತೆ, ಮಾರಿದ್ಮೇಲೆ ದುಡ್ಡು ಬರೋಕೆ ಎಷ್ಟು ದಿನ, ಎರಡನ್ನೂ ಕೂಡಿಸಿ ನಾವು ಸಪ್ಲೈಯರ್‌ಗೆ ಎಷ್ಟು ದಿನ ತಡ ಮಾಡಿ ಕೊಡ್ತೀವಿ ಅನ್ನೋದನ್ನ ಕಳೆದ್ರೆ ಎಷ್ಟು ದಿನ ನಮ್ಮ ದುಡ್ಡು ಸಿಕ್ಕಿಹಾಕ್ಕೊಂಡಿರತ್ತೆ ಅಂತ ಗೊತ್ತಾಗತ್ತೆ. ಪರೀಕ್ಷೇಲಿ ಐದು ನಿಮಿಷದ ಲೆಕ್ಕ. ಈಗ ಒಬ್ಬ ಸ್ಟೂಡೆಂಟ್ ಪೀಣ್ಯದ ಯಾವುದೋ ಸಣ್ಣ ಮಷಿನ್ ಶಾಪ್‌ಗೆ ಇಂಟರ್ನ್ ಆಗಿ ಹೋಗ್ತಾನೆ ಅಂದ್ಕೊಳ್ಳಿ. ಲೆಕ್ಕ ಹಾಕಿದ್ರೆ ಗಿರಾಕಿ ದುಡ್ಡು ಕೊಡೋಕೆ 90 ದಿನ ತಗೋತಿದಾನೆ. ಪುಸ್ತಕದ ಉತ್ತರ ಸುಲಭ, ಕ್ರೆಡಿಟ್ ಬಿಗಿ ಮಾಡಿ, ಜ್ಞಾಪನ ಪತ್ರ ಕಳಿಸಿ. ಅದನ್ನ ಮಾಲೀಕರ ಮುಂದೆ ಇಟ್ರೆ ಅವರು ಕೇಳ್ತಾರೆ, "ಅಲ್ಲಪ್ಪ, ನಾನು ಗಟ್ಟಿಯಾಗಿ ಕೇಳಿದ್ರೆ ಆ ದೊಡ್ಡ ಕಂಪನಿ ನಾಳೆ ಆರ್ಡರ್‌ನ ಪಕ್ಕದ ಶೆಡ್ಡಿಗೆ ಕೊಡತ್ತೆ, ಆಗ ನನ್ನ ಹನ್ನೆರಡು ಜನ ಕೆಲಸದವರಿಗೆ ಏನ್ ಹೇಳ್ಲಿ?"

ನಿಜವಾದ ಪಾಠ ಶುರುವಾಗೋದು ಈ ಮಾತಿನಿಂದ. ಕಾನೂನು ಏನು ಹೇಳತ್ತೆ ಅಂತ ಹುಡುಕಿದ್ರೆ ಸಣ್ಣ ಉದ್ದಿಮೆಗಳಿಗಾಗಿ ಇರೋ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೂ 45 ದಿನದೊಳಗೆ ಪೇಮೆಂಟ್ ಆಗಬೇಕು. 2023-24ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆ ಹಲ್ಲು ಕೊಟ್ರು, ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ದುಡ್ಡು ಕೊಡದಿದ್ರೆ ಕೊಂಡವನು ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ತೋರಿಸಿ ತೆರಿಗೆ ಉಳಿಸೋಕಾಗಲ್ಲ, ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ಸಣ್ಣವರಿಗೆ ಅನುಕೂಲ ಅಂತ ತಂದಿದ್ದು, ಆದ್ರೆ ಕೆಲವು ಸಣ್ಣವರೇ ಹೆದರಿದ್ರು, ಈ ತಾಪತ್ರಯ ಯಾಕೆ ಅಂತ ಗಿರಾಕಿ ನಮ್ಮನ್ನೇ ಬಿಟ್ಟು ಮಧ್ಯಮ ಗಾತ್ರದ ಘಟಕಕ್ಕೆ ಹೋಗಿಬಿಟ್ರೆ ಅಂತ. ಮೂರನೇ ದಾರಿಯೂ ಇದೆ, ಟ್ರೆಡ್ಸ್ ಅನ್ನೋ ಆನ್‌ಲೈನ್ ವ್ಯವಸ್ಥೇಲಿ ಗಿರಾಕಿ ಒಪ್ಪಿದ ಬಿಲ್ಲನ್ನ ಬ್ಯಾಂಕುಗಳ ಮುಂದಿಟ್ಟು ಸ್ವಲ್ಪ ಬಡ್ಡಿ ಬಿಟ್ಟು ಮುಂಚೆನೇ ದುಡ್ಡು ತಗೋಬಹುದು. ಹಾಗಾದ್ರೆ ಆ ಬಡ್ಡಿ ಜಾಸ್ತಿನಾ, ಈಗಿನ ಓವರ್‌ಡ್ರಾಫ್ಟ್ ಬಡ್ಡಿ ಜಾಸ್ತಿನಾ? ಗಿರಾಕಿ ಆ ವ್ಯವಸ್ಥೇಲಿ ಇದ್ದಾನಾ? ಇಷ್ಟು ದೂರ ಹೋದ ಸ್ಟೂಡೆಂಟಿಗೆ ವರ್ಕಿಂಗ್ ಕ್ಯಾಪಿಟಲ್ ಅನ್ನೋದು ಜೀವನಪೂರ್ತಿ ಮರೆಯಲ್ಲ, ಇಂಟರ್ವ್ಯೂನಲ್ಲಿ ಏನು ಕೇಳಿದ್ರೂ ಹೇಳೋಕೆ ಅವನ ಹತ್ರ ಒಂದು ನಿಜವಾದ ಸಂಗತಿ ಇರತ್ತೆ.

ಆದ್ರೆ ಅಷ್ಟು ದೂರ ಹೋಗೋಕೆ ಒಂದು ಕೊಂಡಿ ಬೇಕು. ಅವನು ಮೊದಲ ವಾರ ಬರೆದ "ಕ್ರೆಡಿಟ್ ಬಿಗಿ ಮಾಡಿ" ಅನ್ನೋ ಸಲಹೆಯನ್ನ ಓದಿ, ಇದು ಇಲ್ಲಿ ನಡೆಯಲ್ಲ, ಯಾಕೆ ನಡೆಯಲ್ಲ ನೋಡ್ಕೊಂಡು ಬಾ ಅಂತ ವಾಪಸ್ ಕಳಿಸೋರು ಇರಬೇಕು, ಕಂಪನೀಲಿ ಒಬ್ಬರು, ಕಾಲೇಜಲ್ಲಿ ಒಬ್ಬರು. ಆ ತಿದ್ದುವಿಕೆ ಇದ್ರೆ ಕ್ಲಾಸಿನ ಸೂತ್ರ ಕೆಲಸದ ಬುದ್ಧಿ ಆಗತ್ತೆ. ಇಲ್ದಿದ್ರೆ ಮಾಲೀಕರ ಪ್ರಶ್ನೆ ರಿಪೋರ್ಟಿಗೆ ಬರೋದೇ ಇಲ್ಲ.

ಬೈಂಡಿಂಗ್ ಆಗಿ ಬರೋ ರಿಪೋರ್ಟು

ಬಹಳಷ್ಟು ಕಾಲೇಜುಗಳಲ್ಲಿ ಆಗೋದು ಏನಂದ್ರೆ, ಕಂಪನಿ ಹುಡುಕೋ ಹೊಣೆ ಸ್ಟೂಡೆಂಟ್ ತಲೆ ಮೇಲೆ ಬೀಳತ್ತೆ, ಅವನು ಮಾವನಿಗೋ ಚಿಕ್ಕಪ್ಪನಿಗೋ ಫೋನ್ ಮಾಡಿ ಗೊತ್ತಿರೋ ಕಡೆ ಒಂದು ಲೆಟರ್ ತಗೋತಾನೆ, ನಾಲ್ಕು ದಿನ ಹೋಗ್ತಾನೆ, ಆಮೇಲೆ ಸೀನಿಯರ್ ಹತ್ರ ಹಳೇ ರಿಪೋರ್ಟಿನ ಸಾಫ್ಟ್ ಕಾಪಿ ಇಸ್ಕೊಂಡು ಕಂಪನಿ ಹೆಸರು ಬದಲಾಯಿಸ್ತಾನೆ. ಮೊದಲ ಇಪ್ಪತ್ತು ಪುಟ ಕಂಪನಿ ಪ್ರೊಫೈಲ್, ಆಮೇಲೆ ಸ್ವಾಟ್ ಅಂತ ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ, ನೂರು ಜನಕ್ಕೆ ಕೊಟ್ಟ ಪ್ರಶ್ನಾವಳಿ, ಒಂದಷ್ಟು ಪೈ ಚಾರ್ಟ್, ಕೊನೇಗೆ ಕಂಪನಿ ಜಾಹೀರಾತು ಹೆಚ್ಚಿಸಬೇಕು ಅನ್ನೋ ಸಲಹೆ. ಬೈಂಡಿಂಗ್ ಆಗತ್ತೆ, ಸೀಲು ಬೀಳತ್ತೆ, ವೈವಾ ಹತ್ತು ನಿಮಿಷಕ್ಕೆ ಮುಗಿಯತ್ತೆ.

ಇದಕ್ಕೆ ಸೋಮಾರಿ ಹುಡುಗರು ಅಂತ ಬೈದು ಬಿಡೋದು ಸರಿಯಲ್ಲ. ಆರು ವಾರಕ್ಕೆ ಬರೋ ಹೊಸಬನಿಂದ ಕಂಪನಿಗೆ ಲಾಭ ಕಮ್ಮಿ, ಅವನಿಗೆ ಹೇಳ್ಕೊಡೋಕೆ ಒಬ್ಬ ಕೆಲಸದವರ ಸಮಯ ಹೋಗತ್ತೆ, ಹಾಗಾಗಿ ಅವರು ಲೆಟರ್ ಕೊಟ್ಟು ಕೈ ತೊಳ್ಕೋತಾರೆ. ಗೈಡ್ ಆಗಿರೋ ಮೇಷ್ಟ್ರಿಗೆ ಪಾಠ, ಪೇಪರ್ ತಿದ್ದೋದು, ಅಡ್ಮಿಶನ್ ಡ್ಯೂಟಿ ಎಲ್ಲದರ ಮಧ್ಯೆ ತುಂಬಾ ಸ್ಟೂಡೆಂಟ್‌ಗಳನ್ನ ಹಂಚಿರ್ತಾರೆ, ಒಬ್ಬೊಬ್ಬರ ಕಂಪನಿಗೂ ಹೋಗಿ ನೋಡೋಕೆ ಅವರಿಗೆ ಬಸ್ ಚಾರ್ಜೂ ಕೊಡಲ್ಲ. ಕಾಲೇಜಿಗೆ ಮಾನ್ಯತೆಯ ಫೈಲಿಗೆ ಬೇಕಾಗಿರೋದು ಸರ್ಟಿಫಿಕೇಟ್. ಸ್ಟೂಡೆಂಟಿಗೆ ಬೇಕಾಗಿರೋದು ಮಾರ್ಕ್ಸ್. ನಾಲ್ಕೂ ಜನಕ್ಕೆ ಬೇಕಾಗಿದ್ದು ಸಿಕ್ತು, ಯಾರಿಗೂ ದೂರು ಕೊಡೋ ಕಾರಣ ಇಲ್ಲ, ಅದಕ್ಕೇ ಇದು ವರ್ಷದಿಂದ ವರ್ಷಕ್ಕೆ ಹಾಗೇ ನಡ್ಕೊಂಡು ಹೋಗತ್ತೆ. ನಷ್ಟ ಆಗಿದ್ದು ಗೊತ್ತಾಗೋದು ಒಂದೂವರೆ ವರ್ಷ ಆದ್ಮೇಲೆ, ಇಂಟರ್ವ್ಯೂನಲ್ಲಿ "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದಾಗ.

ಬೇರೆ ಥರ ಮಾಡಿದವರೂ ಇದಾರೆ. ಗುಜರಾತಿನ ಆಣಂದ್‌ನಲ್ಲಿ ವರ್ಗೀಸ್ ಕುರಿಯನ್ ಅವರು 1979ರಲ್ಲಿ ಕಟ್ಟಿದ, ಗ್ರಾಮೀಣ ಮ್ಯಾನೇಜ್‌ಮೆಂಟ್ ಕಲಿಸೋ ಇರ್ಮಾದಲ್ಲಿ ಸ್ಟೂಡೆಂಟ್‌ಗಳು ವಾರಗಟ್ಟಲೆ ಹಳ್ಳೀಲೇ ಉಳಿದು ಕೆಲಸ ಮಾಡೋದು ಕೋರ್ಸಿನ ಭಾಗ. ಮುಂಬೈನ ಎಸ್‌ಪಿ ಜೈನ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡಿಸ್ತಾರೆ. ನಮ್ಮ ಮಣಿಪಾಲದಲ್ಲಿ ಟಿ.ಎ. ಪೈ ಅವರ ಹೆಸರಿನ ಟ್ಯಾಪ್ಮಿಯಲ್ಲಿ ಬ್ರ್ಯಾಂಡ್‌ಸ್ಕ್ಯಾನ್ ಅನ್ನೋ ಮೇಳ ನಡೆಯತ್ತೆ, ಊರಿನ ಜನ ಆಟ ಆಡೋಕೆ ಬರ್ತಾರೆ, ಆ ಆಟದೊಳಗೇ ಸ್ಟೂಡೆಂಟ್‌ಗಳು ನಿಜವಾದ ಕಂಪನಿಗಳ ಪರವಾಗಿ ಮಾರ್ಕೆಟ್ ರಿಸರ್ಚ್ ಅಡಗಿಸಿ ಇಟ್ಟಿರ್ತಾರೆ. ನೇರ ಪ್ರಶ್ನೆ ಕೇಳಿದ್ರೆ ಜನ ಶಿಷ್ಟಾಚಾರಕ್ಕೆ ಉತ್ತರ ಹೇಳ್ತಾರೆ, ಆಟದಲ್ಲಿ ನಿಜ ಹೊರಗೆ ಬರತ್ತೆ ಅನ್ನೋ ತತ್ವ ಅದು, ಪ್ರಶ್ನಾವಳಿ ಹಂಚೋದಕ್ಕಿಂತ ಎಷ್ಟೋ ಮುಂದಿನ ಕಲಿಕೆ. ಕಂಪನಿಗಳ ಕಡೆಯಿಂದಲೂ ಉದಾಹರಣೆ ಇದೆ. ಹಿಂದುಸ್ತಾನ್ ಲಿವರ್‌ನವರಿಗೆ ಉತ್ತರ ಪ್ರದೇಶದ ಎಟಾದಲ್ಲಿ ಒಂದು ಡೇರಿ ಇತ್ತು, ಸಾಕಷ್ಟು ಹಾಲು ಬರದೆ ನಷ್ಟದಲ್ಲಿತ್ತು. ಕಾರಣ ರೈತರ ಬಡತನದಲ್ಲಿದೆ ಅಂತ ಗೊತ್ತಾದ್ಮೇಲೆ 1976ರಲ್ಲಿ ಅಲ್ಲಿ ಗ್ರಾಮಾಭಿವೃದ್ಧಿ ಕೆಲಸ ಶುರು ಮಾಡಿ ತಮ್ಮ ಮ್ಯಾನೇಜ್‌ಮೆಂಟ್ ಟ್ರೇನಿಗಳನ್ನ ಹಳ್ಳಿ ಮನೆಗಳಲ್ಲಿ ವಾರಗಟ್ಟಲೆ ಇರೋಕೆ ಕಳಿಸಿದ್ರು.

ಪ್ಲೇಸ್‌ಮೆಂಟ್ ಲೆಕ್ಕ ಓದೋದು ಹೇಗೆ

ಕಾಲೇಜಿನ ಬ್ಯಾನರ್ ಮೇಲೆ ದೊಡ್ಡದಾಗಿ ಹಾಕೋದು ಆವರೇಜ್ ಪ್ಯಾಕೇಜ್. ಹತ್ತು ಜನ ಇದ್ದಾರೆ, ಒಂಬತ್ತು ಜನಕ್ಕೆ 5 ಲಕ್ಷ, ಒಬ್ಬನಿಗೆ 45 ಲಕ್ಷ ಅಂತ ಇಟ್ಕೊಳ್ಳಿ, ಆವರೇಜ್ 9 ಲಕ್ಷ ಆಗತ್ತೆ. ಒಂಬತ್ತು ಲಕ್ಷ ತಗೊಂಡವನು ಆ ಬ್ಯಾಚಲ್ಲಿ ಒಬ್ಬನೂ ಇಲ್ಲ. ಸಾಲಾಗಿ ನಿಲ್ಲಿಸಿ ಮಧ್ಯದವನ ಸಂಬಳ ನೋಡೋದು ಮೀಡಿಯನ್, ಅದು ಇಲ್ಲಿ 5 ಲಕ್ಷ, ಕೇಳಬೇಕಾಗಿರೋದು ಅದನ್ನ. ಮತ್ತೆ ಎಷ್ಟು ಜನ ಸೇರಿದ್ರು, ಎಷ್ಟು ಜನ ಪ್ಲೇಸ್‌ಮೆಂಟಿಗೆ ಹೆಸರು ಕೊಟ್ರು ಅನ್ನೋದು, ಯಾಕಂದ್ರೆ 'ನೂರಕ್ಕೆ ನೂರು' ಅನ್ನೋದು ಎಷ್ಟೋ ಸಲ ಹೆಸರು ಕೊಟ್ಟವರಲ್ಲಿ ನೂರಕ್ಕೆ ನೂರು.

ಆ 5 ಲಕ್ಷವೂ ಪೂರ್ತಿ ಕೈಗೆ ಬರಲ್ಲ. ಸಿಟಿಸಿ ಅಂದ್ರೆ ಕಂಪನಿಗೆ ಆಗೋ ಖರ್ಚು. ಬೇಸಿಕ್ ಅರ್ಧ ಅಂದ್ರೆ ಎರಡೂವರೆ ಲಕ್ಷ, ಅದರ 12% ಕಂಪನಿ ಕಟ್ಟೋ ಪಿಎಫ್ 30 ಸಾವಿರ, ಗ್ರ್ಯಾಚುಟಿ ಅಂತ ಬೇಸಿಕ್‌ನ 4.81% ಅಂದ್ರೆ 12 ಸಾವಿರ, ಕೆಲಸ ನೋಡಿ ಆಮೇಲೆ ಕೊಡೋ ವೇರಿಯಬಲ್ 10% ಇದ್ರೆ 50 ಸಾವಿರ, ಇದೆಲ್ಲ ಅದರೊಳಗೇ ಇರತ್ತೆ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದ್ರೆ ತಿಂಗಳಿಗೆ ಕೈಗೆ ಬರೋದು 31 ಸಾವಿರದ ಆಸುಪಾಸು. ಇಂಥ ಗೊಂದಲ ತಪ್ಪಿಸೋಕೆ ಐಐಎಂ ಅಹ್ಮದಾಬಾದ್ ಮುಂದೆ ನಿಂತು ಐಪಿಆರ್‌ಎಸ್ ಅನ್ನೋ ವರದಿ ಮಾದರಿ ತಂತು, ಖಚಿತವಾಗಿ ಸಿಗೋ ನಗದು ಎಷ್ಟು, ಗರಿಷ್ಠ ಸಿಗಬಹುದಾದ್ದು ಎಷ್ಟು ಅಂತ ಬೇರೆ ಬೇರೆ ತೋರಿಸಿ ಆಡಿಟ್ ಮಾಡಿಸ್ತಾರೆ. ಎಲ್ಲ ಕಾಲೇಜುಗಳಿಗೂ ಇದು ಕಡ್ಡಾಯ ಆಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಈಗ ಸಾಲದ ಕಡೆ ಬನ್ನಿ. ವರ್ಷಕ್ಕೆ 5 ಲಕ್ಷದಂತೆ ಎರಡು ಸಲ ತಗೊಂಡ 10 ಲಕ್ಷ ಎಜುಕೇಶನ್ ಲೋನ್, 10% ಬಡ್ಡಿ, ಓದೋ ಎರಡು ವರ್ಷ ಮತ್ತೆ ಆಮೇಲಿನ ಒಂದು ವರ್ಷ ಏನೂ ಕಟ್ಟದೇ ಇದ್ರೆ ಬಡ್ಡಿ ಸೇರಿ ಅಸಲು ಸುಮಾರು ಹನ್ನೆರಡೂವರೆ ಲಕ್ಷ ಆಗತ್ತೆ. ಹತ್ತು ವರ್ಷಕ್ಕೆ ಕಂತು ಮಾಡಿದ್ರೆ ತಿಂಗಳಿಗೆ ಸುಮಾರು 16,500. ಕೈಗೆ ಬರೋ 31 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ, ಉಳಿದಿದ್ದರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು. ಇಂಟರ್ನ್‌ಶಿಪ್ ಹಾಳಾಗಿದ್ದಕ್ಕೆ ಕಟ್ಟೋ ಬೆಲೆ ಈ ರೂಪದಲ್ಲಿ ಮನೆಗೆ ಬರತ್ತೆ.

ಇಂಗ್ಲಿಷ್ ಮಾತಾಡೋ ಮಾರ್ಕ್ಸು

ಕೇಸ್ ಕ್ಲಾಸಲ್ಲಿ ಮಾತಾಡಿದ್ದಕ್ಕೇ ಮಾರ್ಕ್ಸ್, ಹಾರ್ವರ್ಡ್‌ನಲ್ಲಿ ಕೆಲವು ವಿಷಯಗಳಲ್ಲಿ ಅರ್ಧದಷ್ಟು. ನಮ್ಮಲ್ಲಿ ಇದು ಇಂಗ್ಲಿಷ್‌ನಲ್ಲಿ ನಡೆಯೋದರಿಂದ ಕನ್ನಡ ಮೀಡಿಯಂನಿಂದ ಬಂದವರು ಉತ್ತರ ಗೊತ್ತಿದ್ರೂ ಬಾಯಿ ಬಿಡಲ್ಲ, ಬಾಯಿ ಬಿಡದವರನ್ನ ಗೊತ್ತಿಲ್ಲದವರು ಅಂತ ಲೆಕ್ಕ ಹಾಕ್ತಾರೆ. ಆದ್ರೆ ಕೆಲಸದ ಜಾಗದಲ್ಲಿ ಲೆಕ್ಕ ಬೇರೆ. ಸೋಪು, ಬಿಸ್ಕತ್ತು ಥರದ ದಿನಬಳಕೆ ಸರಕು ಮಾರೋ ಎಫ್‌ಎಂಸಿಜಿ ಕಂಪನಿಯ ಏರಿಯಾ ಸೇಲ್ಸ್ ಮ್ಯಾನೇಜರ್ ದಾವಣಗೆರೆಯ ಡಿಸ್ಟ್ರಿಬ್ಯೂಟರ್ ಜೊತೆ ಸ್ಕೀಮು, ಉದ್ರಿ, ಡ್ಯಾಮೇಜ್ ಸರಕು ಇವುಗಳ ಬಗ್ಗೆ ಮಾತಾಡೋದು ಕನ್ನಡದಲ್ಲಿ. ಮೈಕ್ರೋಫೈನಾನ್ಸ್, ಟ್ರ್ಯಾಕ್ಟರ್ ಲೋನ್, ಬೀಜ ಗೊಬ್ಬರದ ಕಂಪನಿ, ಹಾಲಿನ ಒಕ್ಕೂಟ, ಎಲ್ಲ ಕಡೆ ಹಾಗೇ. ಮೊದಲ ಸೆಮಿಸ್ಟರಿನಲ್ಲಿ ಚರ್ಚೆಯನ್ನ ಕನ್ನಡದಲ್ಲೇ ಮಾಡೋಕೆ ಬಿಟ್ಟು, ಬರಹವನ್ನ ನಿಧಾನಕ್ಕೆ ಇಂಗ್ಲಿಷಿಗೆ ತಂದ್ರೆ ಯೋಚನೆ ಮೊದಲು ಬೆಳೆಯತ್ತೆ, ಭಾಷೆ ಹಿಂದೆ ಬರತ್ತೆ. ಇಂಗ್ಲಿಷ್ ಬೇಡ ಅಂತ ಯಾರೂ ಹೇಳ್ತಿಲ್ಲ.

ಮುಂದೆ ಏನಾಗಬಹುದು

ಎಂಬಿಎ ಹೊಸಬರಿಗೆ ಮೊದಲ ಎರಡು ವರ್ಷ ಕೊಡ್ತಿದ್ದ ಕೆಲಸ, ಅಂದ್ರೆ ಮಾಹಿತಿ ಕಲೆ ಹಾಕೋದು, ಪಿಪಿಟಿ ಮಾಡೋದು, ಎಕ್ಸೆಲ್‌ನಲ್ಲಿ ಹೋಲಿಕೆ ಮಾಡೋದು, ಇದರಲ್ಲಿ ದೊಡ್ಡ ಪಾಲನ್ನ ಈಗ ಎಐ ನಿಮಿಷದಲ್ಲಿ ಮಾಡತ್ತೆ. ಉಳಿಯೋದು ಆ ಲೆಕ್ಕ ನಂಬಬಹುದಾ ಅಂತ ಹೇಳೋ ಕೆಲಸ, ಅದಕ್ಕೆ ಪೀಣ್ಯದ ಮಾಲೀಕರ ಪ್ರಶ್ನೆ ಕೇಳಿಸ್ಕೊಂಡಿರಬೇಕು. ಎಐ ಇನ್ನೊಂದನ್ನೂ ಮಾಡಿದೆ, ರಿಪೋರ್ಟನ್ನೂ ಅದೇ ಬರೆದು ಕೊಡತ್ತೆ, ಹಾಗಾಗಿ ರಿಪೋರ್ಟ್ ನೋಡಿ ಮಾರ್ಕ್ಸ್ ಕೊಡೋ ಪದ್ಧತಿಗೆ ಇನ್ನು ಅರ್ಥ ಉಳಿದಿಲ್ಲ. ಕಾಲೇಜುಗಳು ಉದ್ದನೆಯ ವೈವಾಗೆ, ಕಂಪನಿಯವರನ್ನ ಕೂರಿಸ್ಕೊಂಡು ಪ್ರಶ್ನೆ ಕೇಳೋದಕ್ಕೆ ಬರಲೇಬೇಕಾಗತ್ತೆ.

ಕಂಪನಿಗಳೂ ಇಂಟರ್ನ್‌ಶಿಪ್ ಹೊತ್ತಿನಲ್ಲೇ ನೋಡಿ ಪಿಪಿಒ, ಅಂದ್ರೆ ಪ್ಲೇಸ್‌ಮೆಂಟಿಗೆ ಮುಂಚೆನೇ ಕೆಲಸದ ಆಫರ್ ಕೊಡೋದನ್ನ ಇಷ್ಟ ಪಡ್ತಾವೆ, ಇಪ್ಪತ್ತು ನಿಮಿಷದ ಇಂಟರ್ವ್ಯೂಗಿಂತ ಎಂಟು ವಾರ ನೋಡಿದ್ದು ನಂಬಿಕೆಗೆ ಅರ್ಹ. ಕರ್ನಾಟಕ ಸರ್ಕಾರ 2024ರಲ್ಲಿ ತಂದ ಜಿಸಿಸಿ (ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯೋ ಕೇಂದ್ರ) ನೀತಿಯಲ್ಲಿ 2029ರ ಹೊತ್ತಿಗೆ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗದ ಗುರಿ ಇದೆ. ವಿದೇಶಿ ಕಂಪನಿಗಳ ಈ ಕೇಂದ್ರಗಳಲ್ಲಿ ಫೈನಾನ್ಸ್ ಪ್ಲಾನಿಂಗ್, ಖರೀದಿ, ಎಚ್‌ಆರ್, ಬಿಸಿನೆಸ್ ಅನಾಲಿಸ್ಟ್ ಥರದ ಕೆಲಸಗಳಿಗೆ ಎಂಬಿಎಗಳು ಬೇಕು, ಆದ್ರೆ ಎಸ್‌ಕ್ಯೂಎಲ್, ಪವರ್ ಬಿಐ ಥರದ ಡೇಟಾ ಸಾಧನಗಳು ಕೈಯಲ್ಲಿ ಆಡಬೇಕು. ಗುರಿ ಮುಟ್ಟತ್ತೋ ಇಲ್ವೋ, ಅಲ್ಲಿಗೆ ಹೋಗೋರು ಯಾವ ಕಾಲೇಜಿನವರು ಅನ್ನೋದು ಇಂಟರ್ನ್‌ಶಿಪ್ ಮೇಲೆ ನಿಂತಿದೆ. ಕೇಂದ್ರದ ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 5 ಸಾವಿರ ಭತ್ಯೆಯೊಂದಿಗೆ ಶುರುವಾದಾಗ ಎಂಬಿಎ ಆದವರಿಗೆ ಅರ್ಹತೆ ಇರಲಿಲ್ಲ. ಐಐಎಂನವರನ್ನ ಹೊರಗಿಟ್ಟಿದ್ದು ಅರ್ಥ ಆಗತ್ತೆ, ಸಣ್ಣ ಊರಿನ ಎಂಬಿಎಗಳನ್ನೂ ಅದೇ ಸಾಲಿಗೆ ಸೇರಿಸಿದ್ದು ಸರಿಯಾಗಲಿಲ್ಲ.

ಈ ವರ್ಷ ಕೌನ್ಸೆಲಿಂಗ್‌ಗೆ ಹೋಗೋರು ಆಪ್ಶನ್ ಎಂಟ್ರಿ ಮಾಡೋ ಮುಂಚೆ ಒಂದು ದಿನ ಕಾಲೇಜಿಗೆ ಹೋಗಿ, ಲೈಬ್ರರೀಲಿ ಕಳೆದ ವರ್ಷದ ಪ್ರಾಜೆಕ್ಟ್ ರಿಪೋರ್ಟುಗಳನ್ನ ಕೇಳಿ. ಮೂರು ರಿಪೋರ್ಟ್ ತೆಗೆದು ಕೊನೇ ಅಧ್ಯಾಯ ಮಾತ್ರ ಓದಿ, ಮೂರು ಕಂಪನಿಗೂ ಒಂದೇ ಸಲಹೆ ಬರೆದಿದ್ರೆ ಅಲ್ಲಿಗೆ ವಿಷಯ ಗೊತ್ತಾಯ್ತು. ಆಮೇಲೆ ಫೈನಲ್ ಇಯರ್‌ನ ಇಬ್ಬರು ಮೂವರನ್ನ ಹಿಡಿದು ಕೇಳಿ, ಇಂಟರ್ನ್‌ಶಿಪ್‌ನಲ್ಲಿ ನೀವು ಮಾಡಿದ್ದು ತಪ್ಪು ಅಂತ ಯಾರಾದ್ರೂ ಹೇಳಿದ್ರಾ, ಏನು ತಪ್ಪಾಗಿತ್ತು ಅಂತ. ತಕ್ಷಣ ಒಂದು ಹೆಸರು ಹೇಳಿ, ಇಂಥ ಲೆಕ್ಕದಲ್ಲಿ ಹಿಂಗೆ ಎಡವಿದ್ದೆ ಅಂತ ಬಿಡಿಸಿ ಹೇಳೋಕೆ ಶುರು ಮಾಡಿದ್ರೆ ಆ ಕಾಲೇಜನ್ನ ಲಿಸ್ಟಿನ ಮೇಲಕ್ಕೆ ತನ್ನಿ.